ಮಾರ್ಗರೆಟ್ಟಮ್ಮನ ನಾಯಿ, ಮೀಟರ್ ಚೆಲುವಯ್ಯ

ಮನುಷ್ಯನಿಗೆ ಶತ್ರುವಿದ್ದರೂ ಬಾಳಬಹುದು, ಷಡ್ಡಕನಿದ್ದರೆ ಕಷ್ಟ. ಆ ಷಡ್ಡಕ ಜಪಾನಿಗೆ ಹೋಗಿಬಂದವನಾದರಂತೂ ದೇವರೇ ಗತಿ. ಮಾಗಡಿಯ ಮೀಟರ್ ಚೆಲುವಯ್ಯನ ಹಣೆಯಲ್ಲಿ ಬ್ರಹ್ಮ ಬರೆದದ್ದು ಈ ಎರಡನೆಯ ಬಗೆ.

ಚೆಲುವಯ್ಯ ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರು. ಮನೆ ಮನೆ ಸುತ್ತಿ, ಮೀಟರು ನೋಡಿ, ಬಿಲ್ಲು ಹರಿದು ಕೊಡುವ ಕೆಲಸ. ಇದಕ್ಕೆ ಬೇಕಾದ ಎಲ್ಲ ಗುಣಗಳೂ ಅವನಲ್ಲಿದ್ದವು, ನಾಯಿಯ ಎದುರು ನಿಲ್ಲುವ ಧೈರ್ಯವೊಂದನ್ನು ಬಿಟ್ಟು. ಮಾಗಡಿಯ ನಾಯಿಗಳಿಗೆ ಖಾಕಿ ಅಂಗಿಯ ಮೇಲೆ ಯಾವ ಜನ್ಮದ ಹಗೆಯೋ, ಕಲ್ಯಾ ಗೇಟಿನಲ್ಲಿ ಒಂದು ಬೊಗಳಿದರೆ ಕೋಟೆಯ ಹತ್ತಿರದ್ದು ಎದ್ದು ಮೈಮುರಿದು ಸಿದ್ಧವಾಗುತ್ತಿತ್ತು. ನಾಯಿಯಿದ್ದ ಮನೆಗಳ ಮೀಟರನ್ನು ಚೆಲುವಯ್ಯ ಗೇಟಿನಾಚೆಯೇ ನಿಂತು, ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ ಓದುತ್ತಿದ್ದ. ಆದರೂ ಅವನ ಎಡಗಾಲಿನ ಮೀನಖಂಡದಲ್ಲಿ ಇಲಾಖೆಗೆ ಸಲ್ಲಿಸಿದ ಸೇವೆಯ ಗುರುತುಗಳು ಸಾಕಷ್ಟಿದ್ದವು.

ಇನ್ನು ಷಡ್ಡಕ ಅನಂತರಾಜು. ಚೆಲುವಯ್ಯನ ಹೆಂಡತಿ ಶಿವಲಿಂಗಮ್ಮನ ತಂಗಿ ಭಾನುಪ್ರಿಯಳ ಗಂಡ. ಬಿಡದಿಯ ಸುತ್ತ ರಾಗಿ ಹೊಲಗಳಲ್ಲಿ ರಾಗಿಯ ಬದಲು ಕಾರ್ಖಾನೆಯ ತಗಡಿನ ಸೂರುಗಳು ಎದ್ದ ಕಾಲ ಅದು. ಅಂಥದೊಂದು ಕಾರ್ಖಾನೆ ಅನಂತರಾಜುವನ್ನು ಹದಿನೈದು ದಿನ ಟ್ರೈನಿಂಗಿಗೆಂದು ಜಪಾನಿಗೆ ಕಳಿಸಿತು. ಹದಿನೈದು ದಿನ ಕಳೆದು ಅವನ ದೇಹ ವಾಪಸು ಬಂತು, ಬಾಯಿ ಮಾತ್ರ ಅಲ್ಲೇ ಉಳಿಯಿತು. ಮುದ್ದೆ ಮುರಿಯುವಾಗ ‘ಜಪಾನಲ್ಲಿ ಹಿಂಗಲ್ಲ’, ಬಸ್ಸು ತಡವಾದರೆ ‘ಜಪಾನಲ್ಲಿ ಹಿಂಗಿಲ್ಲ’, ಯಾರಾದರೂ ಸತ್ತರೂ ‘ಜಪಾನಲ್ಲಿ ಇಷ್ಟು ಬೇಗ ಸಾಯಲ್ಲ’.

ಆ ವರ್ಷದ ಯುಗಾದಿಗೆ ತಿಪ್ಪಸಂದ್ರದ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅನಂತರಾಜು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದ:

“ಅಣ್ಣ, ನೀವು ಎಲ್ಲಿಗಾದ್ರೂ ಟೂರ್ ಹೋಗಿದ್ರಾ?”

“ಓ, ಧರ್ಮಸ್ಥಳಕ್ಕೋಗಿವ್ನಿ.”

“ಅದ್ಕೆ ಪಾಸ್‌ಪೋರ್ಟ್ ಬೇಕಾಗಲ್ಲ, ಅಲ್ವಾ?”

ಪಂಕ್ತಿಯೆಲ್ಲ ನಕ್ಕಿತು. ಮಾವ ನಕ್ಕ, ಅತ್ತೆ ನಕ್ಕಳು. ಬಡಿಸುತ್ತಿದ್ದ ಶಿವಲಿಂಗಮ್ಮ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದಳು. ಸೆರಗು ಅಡ್ಡ ಹಿಡಿದರೂ ಭುಜ ಕುಲುಕಿದ್ದು ಚೆಲುವಯ್ಯನಿಗೆ ಕಂಡಿತು. ಪಾಸ್‌ಪೋರ್ಟ್ ಬೇಕಾಗುವ ಕಡೆಗೆ ಹೋಗಿಯೇ ತೀರಬೇಕೆಂದು ಅವನು ಆ ಒಬ್ಬಟ್ಟಿನ ಮೇಲೆ ಆಣೆ ಮಾಡಿದ್ದು ಆಗಲೇ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಿಬಿಡಬೇಕು. ಮಾವ ರಾಮಲಿಂಗಯ್ಯನಿಗೆ ಗಂಡುಮಕ್ಕಳಿಲ್ಲ. ಮದುವೆಯ ಮಾತುಕತೆಯಲ್ಲೇ ಆತ, “ಮನೆ ಅಳಿಯನಾಗಿ ಇದ್ಬುಡಪ್ಪ, ಮನೆ, ಹೊಲ, ದನ, ಎಲ್ಲಾ ನಿಂದೇಯ” ಅಂದಿದ್ದ. ಆಗ ತಾನೇ ಕೆಲಸ ಸಿಕ್ಕಿದ್ದ ಚೆಲುವಯ್ಯ ಮೀಸೆ ತಿರುವಿ, “ಕಂಡೋರ ಮನೆ ಕೊಟ್ಟಿಗೆ ಕಾಯೋ ಗಂಡಲ್ಲ ನಾನು” ಎಂದುಬಿಟ್ಟಿದ್ದ. ಆ ಮಾತು ಇವತ್ತಿಗೂ ತಿಪ್ಪಸಂದ್ರದ ಅರಳಿಕಟ್ಟೆಯಲ್ಲಿ ಧಿಮಾಕಿಗೆ ಉದಾಹರಣೆಯಾಗಿ ಚಾಲ್ತಿಯಲ್ಲಿದೆ.

ಮಾಗಡಿಯಲ್ಲಿ ಅಕ್ರಮ್‌ನದು ಇಂಟರ್ನೆಟ್ ಅಂಗಡಿ. ಅವನ ಅಪ್ಪ ರೇಷ್ಮೆ ನೂಲು ದಾಸ್ತಾನಿಡುತ್ತಿದ್ದ ಕೋಣೆಯಲ್ಲಿ ನಾಲ್ಕು ಕಂಪ್ಯೂಟರು ಇಟ್ಟುಕೊಂಡಿದ್ದ. ಚೆಲುವಯ್ಯ ಅಲ್ಲಿಗೆ ಮೀಟರ್ ನೋಡಲು ಹೋದವನು ಮೀಟರು ಬಿಟ್ಟು ಕುರ್ಚಿ ಎಳೆದು ಕೂತ.

“ಅಕ್ರಮ್, ಖರ್ಚಿಲ್ದೆ ಫಾರಿನ್ ನೋಡ್ಬೇಕಲ್ಲ, ಏನಾದ್ರೂ ದಾರಿ ಐತಾ?”

ಅಕ್ರಮ್ ಒಂದಷ್ಟು ಹುಡುಕಿ ಪರದೆ ತಿರುಗಿಸಿದ. “ಇದು ನೋಡಿ ಅಣ್ಣ. ಅಲ್ಲಿನ ಜನ ಊರಿಗೋಗುವಾಗ ಮನೆ, ನಾಯಿ, ಬೆಕ್ಕು ಎಲ್ಲಾ ನಮ್ ಕೈಗೆ ಕೊಟ್ಟೋಗ್ತಾರೆ. ನಾವು ಅವರ ಮನೇಲೇ ಇರೋದು, ಬಾಡಿಗೆ ಇಲ್ಲ.”

“ಸಂಬಳ?”

“ಬಾಡಿಗೆ ಇಲ್ದೆ ಇರೋದೇ ಸಂಬಳ.”

“ಗುರುತಿಲ್ದೋನ ಕೈಗೆ ಬೀಗದ ಕೈ ಕೊಡ್ತಾರೇನ್ಲಾ? ಇಲ್ಲಿ ಎಂಟು ವರ್ಷದಿಂದ ಮೀಟರ್ ನೋಡ್ತಿದ್ರೂ ನನ್ನ ನಡುಮನೆಗೆ ಬುಡಲ್ವಲ್ಲೋ!”

ಪರದೆಯ ಮೇಲೆ ಇಂಗ್ಲೆಂಡಿನ ಒಂದು ಹಳ್ಳಿಯ ಮಾರ್ಗರೆಟ್ ಎಂಬಾಕೆ ನಗುತ್ತಿದ್ದಳು. ಹತ್ತಿಯಂಥ ಕೂದಲು, ತೊಡೆಯ ಮೇಲೆ ಒಂದು ಬಿಳಿ ಬೆಕ್ಕು. ಕಾಲ ಬಳಿ ಬೆಂಜಮಿನ್ ಎಂಬ ನಾಯಿ, ಗಾತ್ರದಲ್ಲಿ ವರ್ಷದ ಕರು. ಆಕೆಗೆ ಒಂದು ತಿಂಗಳು ಆಸ್ಟ್ರೇಲಿಯಾದ ತಂಗಿಯ ಮನೆಗೆ ಹೋಗಬೇಕಿತ್ತು. ಚೆಲುವಯ್ಯ ಪರದೆಯ ಮೇಲಿನ ನಾಯಿಗೆ ಅಂಗೈ ಅಡ್ಡ ಇಟ್ಟು, ಉಳಿದದ್ದನ್ನೆಲ್ಲ ನೋಡಿ, “ಇದೇ ಆಗ್ಲಿ” ಅಂದ.

ಅರ್ಜಿಯನ್ನು ಅವನು ಕನ್ನಡದಲ್ಲಿ ಹೇಳಿದ, ಅಕ್ರಮ್ ಇಂಗ್ಲಿಷಿನಲ್ಲಿ ಬಡಿದ. ‘ನಾನು ಪ್ರತಿ ತಿಂಗಳೂ ನೂರಾರು ಮನೆಗಳಿಗೆ ಭೇಟಿ ಕೊಡುತ್ತೇನೆ. ನಮ್ಮೂರಿನ ಒಂದೊಂದು ನಾಯಿಗೂ ನನ್ನ ಪರಿಚಯವಿದೆ. ನನ್ನನ್ನು ದೂರದಲ್ಲಿ ಕಂಡರೂ ಸಾಕು, ಓಡೋಡಿ ಬರುತ್ತವೆ.’ ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಮೂರನೆಯ ದಿನ ಉತ್ತರ ಬಂತು. ಮಾರ್ಗರೆಟ್ಟಮ್ಮನಿಗೆ ಬಹಳ ಸಂತೋಷವಾಗಿತ್ತು. ಪ್ರಾಣಿಗಳ ಜೊತೆಗಿನ ಒಂದು ಫೋಟೋ ಕಳಿಸಿದರೆ ಮುಂದಿನ ಮಾತಾಡೋಣ ಎಂದಿದ್ದಳು. ಚೆಲುವಯ್ಯ ಈ ಸುದ್ದಿಯನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನಿಗೆ ಮಾತ್ರ ಹೇಳಿದ. ಆ ಅಂಗಡಿಯಲ್ಲಿ ಹೇಳಿದ್ದು ಮಾಗಡಿ ತಾಲ್ಲೂಕು ಸುತ್ತಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತಾಯಿತು.

ಪಕ್ಕದ ಮನೆಯ ನೂರ್ಜಹಾನ್ ಕಾಂಪೌಂಡಿನ ಮೇಲಿಂದ ಇಣುಕಿದಳು. “ಶಿವಲಿಂಗಮ್ಮಾ, ನಿಮ್ ಯಜಮಾನ್ರಿಗೆ ಇಂಗ್ಲೆಂಡಲ್ಲಿ ಒಂದು ಹೆಂಗ್ಸು ಮನೆ ಬಿಟ್ಕೊಡ್ತಾಳಂತೆ? ಬೀಗದ ಕೈನೂ ಕೊಡ್ತಾಳಂತಲ್ಲ?”

ಶಿವಲಿಂಗಮ್ಮ ಅರೆಯುತ್ತಿದ್ದ ಮಸಾಲೆಯನ್ನು ಅಲ್ಲೇ ಬಿಟ್ಟು ಎದ್ದಳು. ಸಂಜೆ ಗಂಡ ಮನೆಗೆ ಬರುವುದನ್ನೇ ಕಾದಿದ್ದು, ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ಯಾರವಳು?”

ಎಂಟು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನ ವಿಷಯ ಇಷ್ಟು ಆಸಕ್ತಿಯಿಂದ ಕೇಳಿದ್ದು ಇದೇ ಮೊದಲಾದ್ದರಿಂದ ಚೆಲುವಯ್ಯ ಹಿಗ್ಗಿದ. “ಮಾರ್ಗರೆಟ್ಟು ಅಂತ. ಒಳ್ಳೇ ಹೆಂಗ್ಸು ಕಣೆ. ಇಡೀ ಮನೆ ನಿಂದೇ ಅಂದವ್ಳೆ. ನನ್ ಫೋಟೋ ಒಂದು ಬೇಕಂತೆ.”

ಆ ರಾತ್ರಿ ಚೆಲುವಯ್ಯನಿಗೆ ಊಟವಿರಲಿಲ್ಲ. ಬೆಳಗಾಗುತ್ತಲೇ ತಿಪ್ಪಸಂದ್ರಕ್ಕೆ ಫೋನು ಹೋಯಿತು.

ಭಾನುವಾರ ಟೆಂಪೋದಲ್ಲಿ ಮಾವ ರಾಮಲಿಂಗಯ್ಯ ಬಂದಿಳಿದ. ಜೊತೆಗೆ ಊರಿನ ಹಿರಿಯ ದಾಸಪ್ಪ. ಸುತ್ತ ಹತ್ತು ಹಳ್ಳಿಯಲ್ಲಿ ಹೆಣ್ಣು ಗಂಡಿನ ತಕರಾರಿಗೆಲ್ಲ ದಾಸಪ್ಪನದೇ ತೀರ್ಮಾನ. ಅನಂತರಾಜು ಕೂಡ ಬಿಡದಿಯಿಂದ ಬಂದಿದ್ದ, ಯಾಕೆಂದರೆ ಇಂಥದ್ದು ಜಪಾನಿನಲ್ಲಿ ನೋಡಲು ಸಿಗುವುದಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು ದಾಸಪ್ಪ ವಿಚಾರಣೆ ಶುರುಮಾಡಿದ.

“ಅಳಿಯಂದ್ರೇ, ಅಲ್ಲಿ ನಿಮ್ಗೆ ಸಂಬಳ ಎಷ್ಟು?”

“ಸಂಬಳ ಇಲ್ಲ.”

“ಮನೆ ಬಾಡಿಗೆ?”

“ಅದೂ ಇಲ್ಲ.”

“ಊಟ?”

“ಅವ್ರ ಮನೇಲಿರೋದೇ ಉಣ್ಣೋದು.”

“ಮನೆಯೋರ ದನ ಕರ?”

“ನಾಯಿ ಬೆಕ್ಕು ಅವೆ. ನಾನೇ ನೋಡ್ಕೊಬೇಕು.”

“ಆವಮ್ಮಂಗೆ ಗಂಡುಮಕ್ಳು?”

“ಇಲ್ಲ.”

ದಾಸಪ್ಪ ಸಭೆಯ ಕಡೆ ತಿರುಗಿದ. “ಸಂಬಳ ಇಲ್ಲ, ಬಾಡಿಗೆ ಇಲ್ಲ, ಅವ್ರ ಅನ್ನ ಉಂಡು ಅವ್ರ ದನ ಕಾಯೋದು. ಗಂಡುಮಕ್ಳಿಲ್ದ ಮನೆ. ಇದು ಮನೆ ಅಳಿಯತನ ಅಲ್ದೆ ಇನ್ನೇನ್ರಪ್ಪ?”

“ಅಳಿಯ ಅಲ್ಲ ದಾಸಪ್ಪಣ್ಣ!” ಚೆಲುವಯ್ಯ ಕೂಗಿದ. “ಮನೆ ನೋಡ್ಕೊಳ್ಳೋದು ಅಷ್ಟೆಯ.”

“ಅಳಿಯ ಅಲ್ಲ ಮಗಳ ಗಂಡ ಅಂದಂಗಾಯ್ತು. ಆವಮ್ಮಂಗೆ ಹೆಣ್ಮಕ್ಳೆಷ್ಟು?”

“ಹೆಣ್ಮಕ್ಳೂ ಇಲ್ಲ. ಒಬ್ಳೇ. ಗಂಡ ಹೋಗ್ಬುಟ್ಟವ್ನೆ.”

ದಾಸಪ್ಪ ತನ್ನ ಐವತ್ತು ವರ್ಷದ ಪಂಚಾಯ್ತಿಯಲ್ಲಿ ಇಂಥ ಕೇಸು ಕಂಡಿರಲಿಲ್ಲ. ಮಗಳಿಲ್ಲದ ಮನೆಗೆ ಅಳಿಯ ಹೋಗುವುದೆಂದರೆ ಅರ್ಥ ಒಂದೇ. ಅದನ್ನು ಎಲ್ಲರಿಗಿಂತ ಮೊದಲು ಬಿಡಿಸಿಕೊಂಡ ಶಿವಲಿಂಗಮ್ಮ ಒಳಗಿನಿಂದ, “ಅಯ್ಯೋ ನನ್ನಪ್ಪಾ, ಮುದ್ಕೀನ ಕಟ್ಕೊಳಕ್ಕೆ ಹೊಂಟವ್ರಲ್ಲಪ್ಪೋ” ಎಂದು ದನಿ ತೆಗೆದಳು. ಕಾಂಪೌಂಡಿನ ಆಚೆ ನೂರ್ಜಹಾನ್ ಕೂಡ “ಯಾ ಅಲ್ಲಾ” ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

“ಅವ್ಳು ಇರೋದೇ ಇಲ್ಲ ಕಣೆ! ಅವ್ಳು ಊರಿಗೋದ್ಮೇಲೆ ನಾನು ಒಳಗೋಗೋದು!”

ರಾಮಲಿಂಗಯ್ಯ ಮೀಸೆ ಒರೆಸಿಕೊಂಡ. “ಮನೆಯವ್ರು ಊರಲ್ಲಿಲ್ದಾಗ ಒಳಗೋಗೋನ್ಗೆ ನಮ್ ಕಡೆ ಬೇರೆ ಹೆಸ್ರೈತೆ ಕಣಪ್ಪ. ಅದೊತ್ತಟ್ಟಿಗಿರ್ಲಿ. ನಮ್ಮನೆ ಕೊಟ್ಟಿಗೆ ಕಾಯೋ ಗಂಡಲ್ಲ ಅಂದೋನು ನೀನೇ ತಾನೆ? ಈಗ ಸಮುದ್ರ ದಾಟಿ ಕಂಡೋರ ನಾಯಿ ಕಾಯಕ್ಕೋಯ್ತೀಯ? ಅವ್ಳ ನಾಯಿಗಿಂತ ನಮ್ ಹಸ ಕೀಳಾ?”

ಮುದುಕನಿಗೆ ನಿಜವಾಗಿ ನೋವಾಗಿತ್ತು. ಚೆಲುವಯ್ಯನಿಗೂ ಅದು ತಟ್ಟಿತು, ಆದರೆ ಎದುರಿಗೆ ಅನಂತರಾಜು ಹಲ್ಲು ಕಿರಿಯುತ್ತ ಕೂತಿದ್ದ. “ಅಣ್ಣಂಗೆ ನಾಯಿ ಕಂಡ್ರೇ ಆಗಲ್ಲ, ಹೆಂಗೆ ನೋಡ್ಕೊತಾರೆ ಮಾವ?” ಅಂದ.

“ಯಾವನ್ಲಾ ಹೇಳ್ದೋನು?” ಚೆಲುವಯ್ಯ ಎದ್ದು ನಿಂತ. “ಹುಲಿ ಕೊಟ್ರೂ ಕಟ್ಟಾಕ್ತೀನಿ!”

“ಹಂಗಾದ್ರೆ ಸರಿ,” ಅಂದ ರಾಮಲಿಂಗಯ್ಯ. “ನಾನೂ ನಿಮ್ಮತ್ತೇನೂ ಮೂರು ದಿನ ಧರ್ಮಸ್ಥಳಕ್ಕೋಗ್ಬತ್ತೀವಿ. ನಮ್ಮನೆ ನೋಡ್ಕೊ. ಹಸ, ಕೋಳಿ, ಬೆಕ್ಕು, ಕರಿಯ, ಎಲ್ಲಾ ಅವೆ. ಗೆದ್ರೆ ನಾನೇ ನಿಂತು ಇಂಗ್ಲೆಂಡಿಗೆ ಕಳುಸ್ತೀನಿ. ಸೋತ್ರೆ ಆ ಕಡೆ ತಲೆ ಇಟ್ಟೂ ಮಲಗ್ಬಾರ್ದು. ಶಿವಲಿಂಗ, ನೀನು ಜಗುಲಿ ಮೇಲೆ ಕೂತು ನೋಡು. ಕೈ ಹಾಕ್ಬ್ಯಾಡ.”

ಫೋಟೋ ತೆಗೆಯಲು ಅಕ್ರಮ್‌ನನ್ನೂ ಕರೆದುಕೊಂಡು ಚೆಲುವಯ್ಯ ತಿಪ್ಪಸಂದ್ರಕ್ಕೆ ಬಂದ. ಫಾರಿನ್ನಿಗೆ ಹೋಗುವ ಫೋಟೋ ಎಂದು ಒಗೆದು ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟಿದ್ದ.

“ಆ ಅಂಗಿ ಬ್ಯಾಡಾ ಕಣ್ರೀ,” ಅಂದಳು ಜಗುಲಿಯ ಮೇಲಿಂದ ಶಿವಲಿಂಗಮ್ಮ.

“ಯೂನಿಫಾರಂ ಕಣೆ, ಮರ್ಯಾದೆ ಇರ್ತದೆ. ನಿಂಗೇನು ಗೊತ್ತು ಸುಮ್ಕಿರು.”

ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದ ಕರಿಯ ಹೆಸರಿಗೆ ತಕ್ಕ ನಾಯಿ, ಹಲ್ಲು ಮಾತ್ರ ಬಿಳುಪು. ಚೆಲುವಯ್ಯ ಉದ್ದನೆಯ ಬಿದಿರು ಗಳದ ತುದಿಗೆ ಮುದ್ದೆ ಚುಚ್ಚಿ, ದೂರದಿಂದ, ಆರತಿ ಎತ್ತುವವನ ಹಾಗೆ ಮುಂದೆ ಚಾಚಿದ. ಕರಿಯ ಮುದ್ದೆ ನೋಡಿತು. ಗಳದುದ್ದಕ್ಕೂ ದೃಷ್ಟಿ ಹರಿಸಿ ಖಾಕಿ ಅಂಗಿ ನೋಡಿತು. ಹಗ್ಗ ಕಿತ್ತದ್ದು ಯಾವಾಗ, ಚೆಲುವಯ್ಯ ಗಳ ಬಿಸಾಡಿದ್ದು ಯಾವಾಗ ಎಂದು ಅಕ್ರಮ್‌ಗೂ ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡುವಾಗ ಚೆಲುವಯ್ಯ ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲಿನ ನಡುವೆ ಸಿಕ್ಕಿಕೊಂಡಿದ್ದ, ಒಂದು ಕಾಲು ಕೆಳಗೆ ತೂಗುತ್ತಿತ್ತು. ಗದ್ದಲಕ್ಕೆ ಹಸ ಗೌರಿ ಗೂಟ ಕಿತ್ತಿತು, ಕೋಳಿಗಳು ನಡುಮನೆಗೆ ನುಗ್ಗಿದವು, ಹಾಲಿನ ಪಾತ್ರೆ ಉರುಳಿ ಬೆಕ್ಕಿಗೆ ಹಬ್ಬವಾಯಿತು.

“ಶಿವಲಿಂಗಾ, ಹಿಡ್ಕಳೇ!”

“ಅಪ್ಪ ಕೈ ಹಾಕ್ಬ್ಯಾಡ ಅಂದವ್ನೆ.”

“ನಿಮ್ಮಪ್ಪಂಗೆ ಆಮೇಲೆ ನಾನ್ ಹೇಳ್ಕೊತೀನಿ, ಹಿಡ್ಕೊ ತಾಯೀ!”

ಶಿವಲಿಂಗಮ್ಮ ಜಗುಲಿಯಿಂದ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಕರಿಯಾ, ಬಾರ್ಲಾ ಇಲ್ಲಿ” ಎಂದಳು. ಅಷ್ಟೇ. ಕರಿಯ ಬಾಲ ಮುದುರಿ ಬಂದು ಅವಳ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಗೌರಿ ಬಂದು ಅವಳ ಹೆಗಲ ಮೇಲೆ ಮೋರೆ ಚಾಚಿತು. ಬೆಕ್ಕು ಹಾಲಿನ ಮೀಸೆಯಲ್ಲೇ ಅವಳ ಸೀರೆಯ ನೆರಿಗೆಗೆ ಮೈ ಉಜ್ಜಿತು. ಅಕ್ರಮ್ ಕ್ಯಾಮರಾ ಎತ್ತಿದ.

“ಲೇ ಅಕ್ರಮ್, ಈಗ ತೆಗಿಬ್ಯಾಡ್ಲಾ!” ಅಟ್ಟ ಕೂಗಿತು. ಅಕ್ರಮ್ ಆಗಲೇ ತೆಗೆದಿದ್ದ.

ಪಣ ಸೋತರೂ ಆಸೆ ಬಿಡದ ಚೆಲುವಯ್ಯ ಮಾಗಡಿಗೆ ಬಂದ ಮೇಲೆ ಕಟ್ಟುನಿಟ್ಟಾಗಿ ಹೇಳಿದ, “ನಾನೂ ಪ್ರಾಣಿಗಳೂ ಒಟ್ಗೆ ಕಾಣೋ ಫೋಟೋ ಮಾತ್ರ ಕಳ್ಸು.” ಅಕ್ರಮ್ ಎಲ್ಲವನ್ನೂ ಹುಡುಕಿದ. ಚೆಲುವಯ್ಯನೂ ಪ್ರಾಣಿಗಳೂ ಒಟ್ಟಿಗೆ ಕಾಣುವ ಫೋಟೋ ಪ್ರಪಂಚದಲ್ಲಿ ಇದ್ದದ್ದು ಅದೊಂದೇ. ಅವನು ಪ್ರಾಮಾಣಿಕ ಮನುಷ್ಯ, ಕಳಿಸಿದ.

ವಾರ ಕಳೆದು ಉತ್ತರ ಬಂದಾಗ ರಾಮಲಿಂಗಯ್ಯ, ದಾಸಪ್ಪ ಇಬ್ಬರೂ ಸಂತೆಗೆಂದು ಮಾಗಡಿಗೆ ಬಂದಿದ್ದರು. ಶಿವಲಿಂಗಮ್ಮನ ಜೊತೆ ಎಲ್ಲರೂ ಅಂಗಡಿಯಲ್ಲಿ ನೆರೆದರು. ಅಕ್ರಮ್ ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಓದಿದ:

‘ಪ್ರಿಯ ಚೆಲುವಯ್ಯ, ಫೋಟೋ ನೋಡಿ ಕಣ್ಣು ತುಂಬಿ ಬಂತು. ನಾಯಿ, ಹಸು, ಬೆಕ್ಕು ಮೂರನ್ನೂ ಒಮ್ಮೆಲೇ ಸಮಾಧಾನ ಮಾಡಿರುವ ಆ ಹೆಂಗಸು ಯಾರು? ನನ್ನ ಬೆಂಜಮಿನ್‌ಗೆ ಅಂಥವರೇ ಬೇಕು. ಅವರು ಬರಲು ಒಪ್ಪುತ್ತಾರಾ ದಯವಿಟ್ಟು ಕೇಳಿ. ಸೂರಿನಲ್ಲಿ ಸಿಕ್ಕಿಕೊಂಡಿರುವವರನ್ನು ಇಷ್ಟು ಹೊತ್ತಿಗೆ ಇಳಿಸಿರುತ್ತೀರಿ ಎಂದು ನಂಬಿದ್ದೇನೆ.’

ಮೊದಲು ಬಾಯಿಬಿಟ್ಟದ್ದು ಚೆಲುವಯ್ಯನೇ.

“ಅವ್ಳಿಗೆ ಇಂಗ್ಲಿಷೇ ಬರಲ್ವಲ್ಲ!”

“ಕರಿಯಂಗೇನು ಕನ್ನಡ ಬತ್ತದಾ?” ಅಂದಳು ಶಿವಲಿಂಗಮ್ಮ. ಪರದೆಯ ಮೇಲಿದ್ದ ಮಾರ್ಗರೆಟ್ಟಮ್ಮನನ್ನು ಅವಳು ಅದೇ ಮೊದಲ ಸಲ ನೋಡಿದ್ದು. ಬಹಳ ಹೊತ್ತು ನೋಡಿ, “ಪಾಪ, ನಮ್ಮಜ್ಜಿ ಇದ್ದಂಗವ್ಳೆ. ನಾಯಿ ಬುಟ್ಟು ತಂಗಿ ನೋಡಕ್ಕೂ ಹೋಗಕ್ಕಾಗ್ದೆ ಕೂತವ್ಳಲ್ಲ. ಹೋಗ್ಬತ್ತೀನಿ ಅಂತ ಬರಿ” ಅಂದಳು.

“ಹೋಗ್ಬಾ ಮಗಾ,” ಅಂದ ರಾಮಲಿಂಗಯ್ಯ. “ಟಿಕೀಟು ನಂದು.” ರಸ್ತೆ ಪಕ್ಕದ ಅವನ ಜಮೀನು ಕಾರ್ಖಾನೆಗೆ ಹೋಗಿ, ಬಂದ ದುಡ್ಡು ಬ್ಯಾಂಕಿನಲ್ಲಿ ಕೂತು ಬೇಸತ್ತಿತ್ತು.

“ಅಲ್ಲ ದಾಸಪ್ಪಣ್ಣ,” ಚೆಲುವಯ್ಯ ಕೊನೆಯ ಕೊಂಬೆ ಹಿಡಿದ. “ಗಂಡು ಹೋದ್ರೆ ಮನೆ ಅಳಿಯ ಅಂದ್ರಿ. ಹೆಂಗ್ಸು ಹೋದ್ರೆ ಏನಾದಂಗಾಯ್ತು?”

ದಾಸಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದ. “ಅದ್ಕೆ ನಮ್ಮಲ್ಲಿ ಹೆಸ್ರಿಲ್ಲ ಕಣಪ್ಪ. ಹೆಸ್ರಿಲ್ದ ಮ್ಯಾಲೆ ತಪ್ಪೂ ಇಲ್ಲ,” ಎಂದು ತೀರ್ಪು ಕೊಟ್ಟು ಸಂತೆಗೆ ಎದ್ದ.

ಪಾಸ್‌ಪೋರ್ಟ್ ಬಂತು. ವೀಸಾ ಕೊಡುವ ಕಡೆ ಯಾಕೆ ಹೋಗ್ತೀರೆಂದು ಕೇಳಿದ್ದಕ್ಕೆ ಶಿವಲಿಂಗಮ್ಮ “ನಾಯಿಗೆ ಮುದ್ದೆ ಇಕ್ಕಕ್ಕೆ” ಎಂದಳಂತೆ. ಇಷ್ಟು ವರ್ಷದಲ್ಲಿ ಇಂಥ ನಿಜ ಕೇಳಿರಲಿಲ್ಲವೆಂದು ನಕ್ಕು ಠಸ್ಸೆ ಒತ್ತಿದರಂತೆ. ಅವಳು ರಾಗಿಹಿಟ್ಟಿನ ಚೀಲ, ಮುದ್ದೆ ಕೋಲು ಸಮೇತ ವಿಮಾನ ಹತ್ತಿದಳು. ಅವಳು ಕಣ್ಮರೆಯಾದಾಗ ಚೆಲುವಯ್ಯನಿಗೆ ಹೆಮ್ಮೆಯೂ ಅಳುವೂ ಒಟ್ಟಿಗೇ ಬಂದವು. ಅಳುವುದನ್ನೇ ಆರಿಸಿಕೊಂಡ.

“ಅಳ್ಬ್ಯಾಡ ಕಣಪ್ಪ,” ಮಾವ ಬೆನ್ನು ಸವರಿದ. “ಒಂದು ತಿಂಗ್ಳು ಮಾಗಡೀಲಿ ನಿಂಗೆ ಮುದ್ದೆ ತಿರುವೋರ್ಯಾರು? ಬಾ ನಮ್ಮೂರಿಗೆ. ಅಲ್ಲಿಂದ್ಲೇ ಡ್ಯೂಟಿಗೋಗಿವಂತೆ. ಸಂಬಳ ಇಲ್ಲ, ಬಾಡಿಗೆ ಇಲ್ಲ. ಬೀಗದ ಕೈ ನಿನ್ ಕೈಗೇ ಕೊಡ್ತೀನಿ.”

ಮದುವೆಯ ಮಾತುಕತೆಯಲ್ಲಿ ಕೇಳಿ ಸಿಗದಿದ್ದದ್ದು ರಾಮಲಿಂಗಯ್ಯನಿಗೆ ಎಂಟು ವರ್ಷ ತಡವಾಗಿ ಸಿಕ್ಕಿತು. ಬೀಗದ ಕೈ ಕೊಡುವಾಗ ಅವನ ಮೀಸೆಯ ಅಡಿಯಲ್ಲಿ ಹುಟ್ಟಿದ ನಗೆಯನ್ನು ತಿಪ್ಪಸಂದ್ರದವರು ಇವತ್ತಿಗೂ ವರ್ಣಿಸುತ್ತಾರೆ.

ಮುಂದಿನ ಭಾನುವಾರ ಅನಂತರಾಜು ತಿಪ್ಪಸಂದ್ರಕ್ಕೆ ಬಂದ. ಷಡ್ಡಕ ಬರುತ್ತಾನೆಂದು ಚೆಲುವಯ್ಯ ಮರ್ಯಾದೆಗೆ ಇಸ್ತ್ರಿಯ ಖಾಕಿ ಅಂಗಿ ಹಾಕಿಕೊಂಡಿದ್ದ, ತಲೆಯ ಮೇಲೆ ಮಾತ್ರ ಸಗಣಿ ಮಂಕರಿ. ಅನಂತರಾಜು ಅದನ್ನು ಕಣ್ತುಂಬ ನೋಡಿ ಜಗುಲಿಯ ಮೇಲೆ ಕೂತು, “ಜಪಾನಲ್ಲಿ ಸಗಣೀನ…” ಎಂದು ಆರಂಭಿಸುವಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು.

“ಇಂಗ್ಲೆಂಡು!” ಅತ್ತೆ ಕೂಗಿದಳು. ಮನೆ, ಕೇರಿ, ಕೇರಿಯಾಚೆಯವರು ಎಲ್ಲರೂ ನಡುಮನೆಗೆ ನುಗ್ಗಿದರು. ಬೆಂಜಮಿನ್ ದಿನಕ್ಕೆ ಎರಡು ಮುದ್ದೆ ನುಂಗುತ್ತಾನಂತೆ, ಅಗಿಯುವುದಿಲ್ಲವಂತೆ. ಬೆಕ್ಕಿಗೆ ಬಸ್ಸಾರು ಹಿಡಿಸಿತಂತೆ. ಅಲ್ಲಿ ಬಿಸಿಲು ಬಂದರೆ ಜನ ಹಬ್ಬ ಮಾಡುತ್ತಾರಂತೆ. ಒಂದೊಂದು ‘ಅಂತೆ’ಗೂ ಕೇರಿ ಬಾಯಿ ತೆರೆಯಿತು. ಅನಂತರಾಜುವಿನ ಕಡೆ ತಿರುಗಿ ನೋಡಿದವರು ಒಬ್ಬರೂ ಇರಲಿಲ್ಲ. ಕೊನೆಗೆ ಫೋನು ಚೆಲುವಯ್ಯನ ಕೈಗೆ ಬಂತು.

“ಊಟ ಆಯ್ತಾ? ಕರಿಯಂಗೆ ಇಕ್ಕುದ್ರಾ?”

“ಇಕ್ದೆ ಕಣೆ, ಇಕ್ದೆ,” ಅಂದ ಚೆಲುವಯ್ಯ. ಗಳದ ವಿಷಯ ಹೇಳಲಿಲ್ಲ. “ನೀನ್ ಬೇಗ ಬಂದ್ಬುಡು.”

ಅವನು ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದಾಗ ಅನಂತರಾಜು ಹತ್ತಿರ ಸರಿದು, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದ. “ಅಣ್ಣ, ಭಾನೂದು ‘ನಾನೂ ಹೋಗ್ಬೇಕು’ ಅಂತ ಒಂದೇ ಹಟ. ಅದು ಹೆಂಗೆ ಅಪ್ಲೈ ಮಾಡೋದು? ಒಸಿ ಹೇಳ್ಕೊಡಿ.”

ಯುಗಾದಿಯ ಒಬ್ಬಟ್ಟಿನಿಂದ ಹಿಡಿದು ಚೆಲುವಯ್ಯ ಕಾದಿದ್ದ ಗಳಿಗೆ ಇದು. ಅವನು ಎದೆ ಉಬ್ಬಿಸಿ, ಸಗಣಿ ಕೈಯಲ್ಲೇ ಮೀಸೆ ತಿರುವಿ, ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತ. ಕಂಬಕ್ಕೆ ಕಟ್ಟಿದ್ದ ಹೊಸ ಹಗ್ಗ ಸಡಿಲವಾಗಿತ್ತು. ಕರಿಯ ಒಂದು ಕಣ್ಣು ತೆರೆದು, ಇಸ್ತ್ರಿಯ ಖಾಕಿ ಅಂಗಿಯನ್ನು ನೋಡಿತು.

“ಅನಂತು, ಎಲ್ಲಕ್ಕಿಂತ ಮೊದ್ಲು ಪ್ರಾಣಿಗಳ್ನ ಪ್ರೀತಿಸ್ಬೇಕು ಕಣಪ್ಪ,” ಎಂದ ಚೆಲುವಯ್ಯ.

ಉಳಿದ ಉಪದೇಶವನ್ನು ಅವನು ಅಟ್ಟದ ಮೇಲಿಂದ ಮಾಡಿದ.